ಬೊಳಕಾಟ್ ಮೋಷನ್ ಫೈಲ್ ಬ್ಲೆಂಡರ್‌ಗೆ ತಂದರೆ ಗೊಂಬೆ ಬೋರಲು ಬೀಳುತ್ತದೆ, ಕೈ ಪಕ್ಕೆಯೊಳಗೆ ಹೋಗುತ್ತದೆ. ಏನು ಮಾಡಲಿ?

ವಿರಾಜಪೇಟೆ_ಪಿಕ್ಸೆಲ್, ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಮ್ಮ ಒಕ್ಕದವರೆಲ್ಲ (ಒಂದೇ ಮನೆತನದವರು) ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಸೇರುತ್ತೇವೆ. ಈ ಸಲ ಊಟ ಆದ ಮೇಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ ಎರಡು ನಿಮಿಷದ ಅನಿಮೇಷನ್ ತೋರಿಸುತ್ತೇನೆ ಅಂತ ನಾನೇ ಬಾಯಿಬಿಟ್ಟು ಸಿಕ್ಕಿಹಾಕಿಕೊಂಡಿದ್ದೇನೆ. ಐದು ಗೊಂಬೆಗಳು ಕುಪ್ಯ (ಉದ್ದನೆಯ ಅಂಗಿ), ಚೇಲೆ (ಸೊಂಟದ ಪಟ್ಟಿ) ಹಾಕಿ, ಚವರಿ (ಹಿಡಿ ಇರುವ ಕೂದಲ ಕುಚ್ಚು) ಹಿಡಿದು, ದೀಪದ ಸುತ್ತ ನಮ್ಮ ಬೊಳಕಾಟ್ ಕುಣಿತ ಆಡಬೇಕು. ಕಥೆ ಗಿತೆ ಏನೂ ಇಲ್ಲ, ಅಷ್ಟೇ.

ಮನೆಯಲ್ಲಿ ಬೊಳಕಾಟ್ ಚೆನ್ನಾಗಿ ಗೊತ್ತಿರುವುದು ದೊಡ್ಡಪ್ಪನಿಗೆ. ವಯಸ್ಸು 61. ಅವರನ್ನು ಪುಸಲಾಯಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಒಂದು ಕಡೆ ಮೈಯ ಚಲನೆ ಹಿಡಿಯುವ ಸೆನ್ಸರ್ ಸೂಟ್ ಹಾಕಿಸಿ ರೆಕಾರ್ಡ್ ಮಾಡಿಸಿದೆ. ಆ ಕಪ್ಪು ಸೂಟ್ ನೋಡಿ "ಇದನ್ನು ಹಾಕಿಕೊಂಡು ಆಟ ಆಡಬೇಕಾ, ಬಾವಿಗೆ ಇಳಿಯಬೇಕಾ" ಅಂದರು. ಆಮೇಲೆ ಆಡಿದರು, ಚೆನ್ನಾಗಿಯೇ ಆಡಿದರು. ನನ್ನ ಫೋನಿನಲ್ಲಿ ದುಡಿಯ (ಸಣ್ಣ ಚರ್ಮವಾದ್ಯ) ರೆಕಾರ್ಡಿಂಗ್ ಹಾಕಿದ್ದೆ, ಅದು ಸರಿಯಾಗಿ ಎರಡು ನಿಮಿಷ.

ಅಲ್ಲಿಯವರು ಎರಡು ಫೈಲ್ ಕೊಟ್ಟರು. ಒಂದು ಬಿವಿಎಚ್, ಒಂದು ಎಫ್‌ಬಿಎಕ್ಸ್, ಎರಡೂ ಚಲನೆಯನ್ನು ಬರೆದಿಡುವ ಫೈಲ್ ಬಗೆಗಳು. ಈಗ ಫೋನ್ ಮಾಡಿದರೆ ಎತ್ತುತ್ತಿಲ್ಲ. ನನ್ನ ಲ್ಯಾಪ್‌ಟಾಪ್ ಹಳೆಯದು, ತ್ರೀಡಿ ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್ 3.6 ಇದೆ. ಗೊಂಬೆ ನಾನೇ ಮಾಡಿದ್ದು. ದೊಡ್ಡ ತಲೆ, ಗಿಡ್ಡ ಕಾಲು, ಕಾರ್ಟೂನ್ ತರಹ.

ಆಗುತ್ತಿರುವುದು ಇದು. ಎಫ್‌ಬಿಎಕ್ಸ್ ತೆರೆಯುವುದೇ ಇಲ್ಲ, ಆಸ್ಕಿ (ಅಕ್ಷರರೂಪದ) ಫೈಲ್ ಆಗುವುದಿಲ್ಲ ಎಂದು ಬೈಯುತ್ತದೆ. ಬಿವಿಎಚ್ ತೆರೆಯುತ್ತದೆ, ಆದರೆ ಮೂಳೆಗಳ ಮನುಷ್ಯ ನೆಲದ ಮೇಲೆ ಬೋರಲು ಮಲಗಿರುತ್ತಾನೆ, ಅದೂ ಬೆಟ್ಟದಷ್ಟು ದೊಡ್ಡ ಆಳು, ಝೂಮ್ ಔಟ್ ಮಾಡಿ ಮಾಡಿ ಬೆರಳು ನೋವು ಬಂತು. ಮೂಳೆಗಳ ಹೆಸರನ್ನೆಲ್ಲ ಒಂದೊಂದಾಗಿ ಬದಲಾಯಿಸಿ, ನನ್ನ ಗೊಂಬೆಯ ರಿಗ್‌ಗೆ (ಒಳಗಿನ ಮೂಳೆಗಳ ಜೋಡಣೆ) ಹೊಂದಿಸಿ, ಆಕ್ಷನ್ (ರೆಕಾರ್ಡ್ ಆದ ಚಲನೆ) ಅದಕ್ಕೆ ಹಾಕಿದೆ. ಕೈ ಕೆಳಗೆ ಬಿಟ್ಟಾಗ ಪಕ್ಕೆಯೊಳಗೆ ಹೋಗುತ್ತದೆ. ಚವರಿ ಎತ್ತುವಾಗ ಕೈ ಅರ್ಧಕ್ಕೇ ನಿಲ್ಲುತ್ತದೆ. ಮುಂಗೈ ಬೇರೆ ತಿರುಚಿಕೊಳ್ಳುತ್ತದೆ. ಕಾಲು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದಂತೆ ಜಾರುತ್ತದೆ. ಇಷ್ಟೆಲ್ಲ ಆಗಿ, ಎರಡು ನಿಮಿಷದ ಆಟ ಹತ್ತು ನಿಮಿಷ ನಡೆಯುತ್ತದೆ.

ಫೈಲ್ ಕೆಟ್ಟಿದೆಯಾ, ನಾನು ಕೆಡಿಸಿದೆನಾ? ಹುತ್ತರಿಗೆ ಇನ್ನು ಮೂರು ವಾರ. ದೊಡ್ಡಪ್ಪ ಇನ್ನೊಂದು ಸಲ ಆ ಸೂಟ್ ಹಾಕುವುದಿಲ್ಲ, ಖಂಡಿತ.


ಕುಶಾಲನಗರ_ತ್ರೀಡಿ, ಭಾನುವಾರ ರಾತ್ರಿ 11:05

ಬ್ರೋ ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಬಿವಿಎಚ್‌ನಿಂದ ಎಫ್‌ಬಿಎಕ್ಸ್ ಮಾಡಿಕೊಡುವ ಆನ್‌ಲೈನ್ ಕನ್ವರ್ಟರ್ ಎಷ್ಟೊಂದು ಇವೆ. ಅಪ್‌ಲೋಡ್ ಮಾಡಿ, ಹೊಸ ಫೈಲ್ ಇಳಿಸಿಕೊಳ್ಳಿ, ಮುಗಿಯಿತು.


ತೋಟದಮನೆ, ಸೋಮವಾರ ಬೆಳಿಗ್ಗೆ 6:15

ಕುಶಾಲನಗರದವರೇ, ಅದರಿಂದ ಆಗುವುದಿಲ್ಲ. ಕನ್ವರ್ಟರ್ ಡಬ್ಬಿ ಬದಲಾಯಿಸುತ್ತದೆ, ಒಳಗಿನ ಸಾಮಾನು ಅದೇ. ಮಲಗಿದವನು ಎಫ್‌ಬಿಎಕ್ಸ್‌ನಲ್ಲೂ ಮಲಗಿಯೇ ಇರುತ್ತಾನೆ.

ನಾನು ಬೆಂಗಳೂರಿನಲ್ಲಿ ಎಂಟು ವರ್ಷ ಇದೇ ಕೆಲಸ ಮಾಡಿ ಈಗ ಸೋಮವಾರಪೇಟೆ ಕಡೆ ಕಾಫಿ ನೋಡಿಕೊಂಡಿದ್ದೇನೆ. ಹಣ್ಣು ಕೊಯ್ಲು ಶುರುವಾಗುವ ಹೊತ್ತು, ಆಳುಗಳು ಬರುವ ಮುಂಚೆ ಬರೆದು ಮುಗಿಸುತ್ತೇನೆ. ತಮ್ಮಾ, ನಿನ್ನ ಫೈಲ್ ಕೆಟ್ಟಿಲ್ಲ. ನೀನೂ ಕೆಡಿಸಿಲ್ಲ. ಬಿವಿಎಚ್‌ನಲ್ಲಿ ಇರುವುದು ಬರೀ ಸಂಖ್ಯೆ. ಯಾವ ಅಳತೆಯಲ್ಲಿ, ಯಾವ ಕಡೆ ಮೇಲೆ, ಎಲ್ಲಿಂದ ಅಳೆದದ್ದು ಎಂದು ಅದು ಹೇಳುವುದಿಲ್ಲ. ಬ್ಲೆಂಡರ್ ತನಗೆ ತೋಚಿದ ಹಾಗೆ ಓದಿಕೊಂಡಿದೆ.

ಮೊದಲು ಬ್ಲೆಂಡರ್ ಮುಚ್ಚು. ಬಿವಿಎಚ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆ. ಹೌದು, ನೋಟ್‌ಪ್ಯಾಡ್‌ನಲ್ಲಿ. ಅದು ಮಾಮೂಲಿ ಟೆಕ್ಸ್ಟ್. ಬಯೋವಿಷನ್ ಎಂಬ ಕಂಪನಿ ಹಿಂದೆ ಯಾವಾಗಲೋ ಮಾಡಿಟ್ಟ ಫಾರ್ಮ್ಯಾಟ್, ಕಂಪನಿ ಹೋಯಿತು, ಫೈಲ್ ಉಳಿಯಿತು. ಮೇಲ್ಭಾಗದಲ್ಲಿ 'ಹೈರಾರ್ಕಿ' ಎಂದು ಮೂಳೆಗಳ ವಂಶಾವಳಿ ಇರುತ್ತದೆ. ಸೊಂಟ ಮೊದಲು, ಅದರ ಕೆಳಗೆ ತೊಡೆ, ಮೊಣಕಾಲು, ಪಾದ, ಹೀಗೆ. ಪ್ರತಿಯೊಂದಕ್ಕೂ 'ಆಫ್‌ಸೆಟ್' ಎಂದು ಮೂರು ಸಂಖ್ಯೆ. ಆಮೇಲೆ 'ಮೋಷನ್' ಎಂದು ಒಂದು ಸಾಲು ಬರುತ್ತದೆ. ಅದರ ಕೆಳಗೆ ಎಷ್ಟು ಫ್ರೇಮ್, ಒಂದು ಫ್ರೇಮಿಗೆ ಎಷ್ಟು ಸೆಕೆಂಡ್, ಅಷ್ಟು ಬರೆದ ಮೇಲೆ ಬರೀ ಸಂಖ್ಯೆಗಳ ಸಾಲು. ಒಂದು ಸಾಲು ಎಂದರೆ ಒಂದು ಫ್ರೇಮ್.

'ಫ್ರೇಮ್ ಟೈಮ್' ಎಷ್ಟಿದೆ ನೋಡು. ನನ್ನ ಅಂದಾಜು 0.008333. ಅಂದರೆ ಸೆಕೆಂಡಿಗೆ 120 ಫ್ರೇಮ್. ನಿನ್ನ ಸೀನ್ 24ರಲ್ಲಿ ಇರಬೇಕು. ಬ್ಲೆಂಡರ್ ಒಂದು ಸಾಲಿಗೆ ಒಂದು ಫ್ರೇಮ್ ಎಂದು ಸುಮ್ನೆ ಹಚ್ಚಿಕೊಂಡು ಹೋಗಿದೆ. ಐದು ಪಟ್ಟು ನಿಧಾನ. ಎರಡು ನಿಮಿಷ ಹತ್ತು ನಿಮಿಷ ಆದದ್ದು ಹಾಗೆ. ಇಂಪೋರ್ಟ್ ಮಾಡುವಾಗ ಬಲಗಡೆ 'ಸ್ಕೇಲ್ ಎಫ್‌ಪಿಎಸ್' ಎಂದಿದೆಯಲ್ಲ, ಅದಕ್ಕೆ ಟಿಕ್ ಹಾಕು.

ಇನ್ನು ಸಂಖ್ಯೆಗಳ ಮೊದಲನೇ ಸಾಲಿನ ಮೊದಲ ಮೂರು ಅಂಕಿ ನೋಡು. ಅದು ಸೊಂಟ ಇರುವ ಜಾಗ. ನಿಂತ ಮನುಷ್ಯನ ಸೊಂಟ ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ ಅಲ್ವಾ. ಮೂರರಲ್ಲಿ ಯಾವುದು 90ರ ಹತ್ತಿರ ಇದೆಯೋ ಅದೇ 'ಮೇಲೆ'. ಎರಡನೆಯದು ಆಗಿದ್ದರೆ ವೈ ಮೇಲೆ, ಮೂರನೆಯದು ಆಗಿದ್ದರೆ ಝಡ್ ಮೇಲೆ. (ಸೊಂಟದ 'ಚಾನೆಲ್ಸ್' ಸಾಲಿನಲ್ಲಿ ಎಕ್ಸ್, ವೈ, ಝಡ್ ಯಾವ ಕ್ರಮದಲ್ಲಿ ಬರೆದಿದ್ದಾರೆ ಎಂದು ಒಮ್ಮೆ ನೋಡಿಕೋ.) ಅಳತೆಯೂ ಅಲ್ಲೇ ಗೊತ್ತಾಗುತ್ತದೆ. 90ರ ಆಸುಪಾಸು ಇದ್ದರೆ ಸೆಂಟಿಮೀಟರ್, 0.9 ಇದ್ದರೆ ಮೀಟರ್, 36ರ ಹತ್ತಿರ ಇದ್ದರೆ ಇಂಚು. ಬ್ಲೆಂಡರ್‌ಗೆ ಒಂದು ಎಂದರೆ ಒಂದು ಮೀಟರ್. ನಿನ್ನ ದೊಡ್ಡಪ್ಪನ ಸೊಂಟವನ್ನು ಅದು 90 ಮೀಟರ್ ಎತ್ತರದಲ್ಲಿ ಇಟ್ಟಿದೆ. ಇಂಪೋರ್ಟ್‌ನಲ್ಲಿ ಸ್ಕೇಲ್ 0.01 ಕೊಡು. ಬಿವಿಎಚ್ ಬಂದರೆ ಬ್ಲೆಂಡರ್ ವೈ ಮೇಲೆ ಎಂದುಕೊಳ್ಳುತ್ತದೆ. ನಿನ್ನದು ಝಡ್ ಮೇಲೆ ಇರುವ ಫೈಲ್ ಇರಬೇಕು, ಅದಕ್ಕೇ ಮಲಗಿದೆ. 'ಅಪ್' ಝಡ್, 'ಫಾರ್ವರ್ಡ್' ವೈ ಮಾಡು, ಎದ್ದು ನಿಲ್ಲುತ್ತಾನೆ.

ಕೈಯ ವಿಷಯ ಬೇರೆ, ಅದು ನಿಜವಾದ ತೊಂದರೆ. ನಿನ್ನ ಗೊಂಬೆಯ ಕೈ ಎ ಪೋಸ್‌ನಲ್ಲಿದೆಯಾ? ಅಂದರೆ ಸುಮ್ಮನೆ ನಿಂತಾಗ ಕೈ 45 ಡಿಗ್ರಿ ಕೆಳಗೆ ಇಳಿದಿದೆಯಾ? ಸೂಟ್‌ನವರ ಅಸ್ಥಿಪಂಜರ ಟಿ ಪೋಸ್‌ನಲ್ಲಿ ಇರುತ್ತದೆ, ಕೈ ಎರಡೂ ಶಿಲುಬೆಯ ಹಾಗೆ ಅಡ್ಡ. ಅವರ ಫೈಲಿನಲ್ಲಿ ಕೈ ಕೆಳಗೆ ಬಿಟ್ಟದ್ದನ್ನು "ಅಡ್ಡದಿಂದ 90 ಡಿಗ್ರಿ ಕೆಳಗೆ" ಎಂದು ಬರೆದಿದ್ದಾರೆ. ನಿನ್ನ ಗೊಂಬೆ ಆಗಲೇ 45 ಇಳಿದು ನಿಂತಿದೆ, ಅಲ್ಲಿಂದ ಇನ್ನೂ 90 ಇಳಿದರೆ ಕೈ ಹೊಟ್ಟೆಯೊಳಗೆ ಹೋಗದೆ ಇನ್ನೆಲ್ಲಿ ಹೋಗುತ್ತದೆ? ಎತ್ತುವಾಗಲೂ ಅದೇ 45 ಕಡಿಮೆ ಬೀಳುತ್ತದೆ. ನೀನು ಹೇಳಿದ ಎರಡೂ ಲಕ್ಷಣ ಒಂದೇ ಕಾಯಿಲೆ.

ಮುಂಗೈ ತಿರುಚುವುದು ಮೂಳೆಯ 'ರೋಲ್'. ಪ್ರತಿ ಮೂಳೆಗೂ ತನ್ನದೇ ಎಕ್ಸ್, ವೈ, ಝಡ್ ಇದೆ. ಬ್ಲೆಂಡರ್‌ನಲ್ಲಿ ಮೂಳೆಯ ಉದ್ದಕ್ಕೂ ಹೋಗುವುದು ಯಾವಾಗಲೂ ವೈ, ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹಾಗೇ ಇರಬೇಕು ಅಂತಿಲ್ಲ. ಎಡಗಡೆ ಕೀಲು ಇರುವ ಬಾಗಿಲಿಗೂ ಬಲಗಡೆ ಕೀಲು ಇರುವ ಬಾಗಿಲಿಗೂ "30 ಡಿಗ್ರಿ ತೆರೆ" ಎಂದರೆ ಎರಡೂ ಒಂದೇ ಕಡೆ ತೆರೆಯುವುದಿಲ್ಲವಲ್ಲ. ಹಾಗಾಗಿ ಹೆಸರು ಬದಲಾಯಿಸಿ ಆಕ್ಷನ್ ಹಾಕಿದ ನಿನ್ನ ದಾರಿ, ಪಾಪ ಎಷ್ಟು ಹೊತ್ತು ಕೂತು ಮಾಡಿದೆಯೋ, ಎರಡು ರಿಗ್ ಅಚ್ಚು ಒಂದೇ ಆಗಿದ್ದರೆ ಮಾತ್ರ ನಡೆಯುತ್ತದೆ. ನಿನಗೆ ಬೇಕಾಗಿರುವುದು ಕನ್ವರ್ಟ್ ಅಲ್ಲ, ರಿಟಾರ್ಗೆಟ್, ಅಂದರೆ ಒಂದು ಅಸ್ಥಿಪಂಜರದ ಚಲನೆಯನ್ನು ಲೆಕ್ಕ ಹಾಕಿ ಇನ್ನೊಂದಕ್ಕೆ ಹೊಂದಿಸುವುದು.

ಸೆನ್ಸರ್ ಸೂಟ್ ಮಾಡುವ ರೊಕೊಕೊ ಕಂಪನಿಯವರ ಬ್ಲೆಂಡರ್ ಆಡ್‌ಆನ್ ಪುಕ್ಕಟೆ. ಅದರಲ್ಲಿ ರಿಟಾರ್ಗೆಟಿಂಗ್ ಇದೆ. ಒಂದು ಕಡೆ ದೊಡ್ಡಪ್ಪನ ಅಸ್ಥಿಪಂಜರ, ಇನ್ನೊಂದು ಕಡೆ ನಿನ್ನ ರಿಗ್ ಕೊಟ್ಟು ಬೋನ್ ಲಿಸ್ಟ್ ಮಾಡಿಸು. ತಪ್ಪು ಜೋಡಿಗಳನ್ನು ಕೈಯಾರೆ ತಿದ್ದು, ಬೆನ್ನುಮೂಳೆಯಲ್ಲಿ ಖಂಡಿತ ಎಡವಟ್ಟು ಇರುತ್ತದೆ. ಆಮೇಲೆ ನಿನ್ನ ಗೊಂಬೆಯ ಕೈಯನ್ನು ಪೋಸ್ ಮೋಡ್‌ನಲ್ಲಿ ಎತ್ತಿ ಟಿ ಮಾಡಿ ನಿಲ್ಲಿಸು. ಆ ಕಡೆಯವನನ್ನೂ ಟಿ ಪೋಸ್ ಇರುವ ಫ್ರೇಮ್‌ಗೆ ತಂದು ನಿಲ್ಲಿಸು, ರೆಕಾರ್ಡಿಂಗ್ ಶುರುವಿನಲ್ಲಿ ಸಾಮಾನ್ಯವಾಗಿ ನಿಲ್ಲಿಸಿರುತ್ತಾರೆ. ಆಡ್‌ಆನ್‌ನಲ್ಲಿ ರೆಸ್ಟ್ ಪೋಸ್ (ಗೊಂಬೆಯ ಮೂಲ ನಿಲುವು) ಬೇಡ, ಈಗಿನ ಪೋಸ್ ತೆಗೆದುಕೋ ಎಂದು ಹೇಳು. ಆಗ ಅದು ಎರಡನ್ನೂ "ಇದು ಇದಕ್ಕೆ ಸಮ" ಎಂದು ಅಲ್ಲಿಂದ ಲೆಕ್ಕ ಶುರು ಮಾಡುತ್ತದೆ.

ಆಳುಗಳ ಜೀಪು ಬಂತು. ಕಾಲು ಜಾರುವುದಕ್ಕೆ ಸಾಯಂಕಾಲ ಬರೆಯುತ್ತೇನೆ. ಅಷ್ಟರಲ್ಲಿ ಫೈಲಿನಲ್ಲಿ ತೊಡೆಯ ಉದ್ದ, ಮೊಣಕಾಲ ಕೆಳಗಿನ ಉದ್ದ ಎಷ್ಟಿದೆ ಎಂದು ಆಫ್‌ಸೆಟ್‌ನಲ್ಲಿ ಓದಿ ಇಲ್ಲಿ ಹಾಕು. ನಿನ್ನ ಗೊಂಬೆಯದೂ ಅಳೆದು ಹಾಕು.


ಕುಶಾಲನಗರ_ತ್ರೀಡಿ, ಸೋಮವಾರ ಬೆಳಿಗ್ಗೆ 9:30

ಸರಿ ಸರ್, ನಾನು ಇಷ್ಟು ವರ್ಷ ಕನ್ವರ್ಟ್ ಮಾಡಿ ಮಾಡಿ "ಈ ಫೈಲ್ ಸರಿ ಇಲ್ಲ" ಎಂದು ಬಿಸಾಡಿದ್ದೇ ಬಂತು. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು ಅಂತಲೇ ಗೊತ್ತಿರಲಿಲ್ಲ.


ವಿರಾಜಪೇಟೆ_ಪಿಕ್ಸೆಲ್, ಸೋಮವಾರ ಮಧ್ಯಾಹ್ನ 3:20

ಅಣ್ಣಾ, ನೀವು ನನ್ನ ಲ್ಯಾಪ್‌ಟಾಪ್ ಪಕ್ಕ ಕೂತು ನೋಡಿದ ಹಾಗೆ ಹೇಳಿದ್ದೀರಿ!

ಫ್ರೇಮ್ ಟೈಮ್ 0.008333 ಇದೆ. ಫ್ರೇಮ್ 14,400. ಮೊದಲ ಸಾಲು 0.00 0.00 93.50 ಎಂದು ಶುರುವಾಗುತ್ತದೆ. ಝಡ್ ಮೇಲೆ, ಸೆಂಟಿಮೀಟರ್. ಒಂದು ಸಾಲಿನಲ್ಲಿ 72 ಸಂಖ್ಯೆ ಎಣಿಸಿದೆ, ಸೊಂಟಕ್ಕೆ ಆರು, ಉಳಿದ 22 ಮೂಳೆಗೆ ಮೂರು ಮೂರು. ಎಲ್ಲ ಸೇರಿಸಿದರೆ ಹತ್ತು ಲಕ್ಷಕ್ಕೂ ಜಾಸ್ತಿ ಸಂಖ್ಯೆ. ದೊಡ್ಡಪ್ಪನಿಗೆ ತೋರಿಸಿದೆ, "ಇಷ್ಟೊಂದು ಆಡಿದೆನಾ ನಾನು" ಅಂದರು.

ಸ್ಕೇಲ್, ಅಪ್, ಎಫ್‌ಪಿಎಸ್ ಮೂರೂ ಸರಿ ಮಾಡಿದ ತಕ್ಷಣ ಎದ್ದು ನಿಂತು ಆಡತೊಡಗಿದರು. ಅದು ಬರೀ ಕಡ್ಡಿಗಳ ಮನುಷ್ಯ, ಆದರೂ ನೋಡಿದ ಕೂಡಲೇ ದೊಡ್ಡಪ್ಪ ಅಂತ ಗೊತ್ತಾಗುತ್ತದೆ, ಆ ಭುಜ ಸ್ವಲ್ಪ ಓರೆ ಮಾಡಿ ನಿಲ್ಲುವುದು.

ರಿಟಾರ್ಗೆಟ್ ಕೂಡ ಮಾಡಿದೆ, ಕೈ ಸರಿ ಆಯಿತು. ಬೆನ್ನುಮೂಳೆಯಲ್ಲಿ ನೀವು ಹೇಳಿದ ಎಡವಟ್ಟು ಇತ್ತು, ಅವರದು ನಾಲ್ಕು ಮೂಳೆ, ನನ್ನದು ಮೂರು. ಒಂದನ್ನು ಬಿಟ್ಟೆ.

ಅಳತೆ: ದೊಡ್ಡಪ್ಪನ ತೊಡೆ 44, ಕೆಳಗಾಲು 43, ಒಟ್ಟು 87 ಸೆಂ.ಮೀ. ನನ್ನ ಗೊಂಬೆಯ ಕಾಲು ಪೂರ್ತಿ 58 ಸೆಂ.ಮೀ. ಕಾಲು ಈಗಲೂ ಜಾರುತ್ತಿದೆ, ಅಲ್ಲದೆ ಗೊಂಬೆ ನೆಲದಿಂದ ಸ್ವಲ್ಪ ಮೇಲೆ ತೇಲುತ್ತಿದೆ.

ಇನ್ನೊಂದು ಹೇಳುವುದು ಮರೆತೆ. ಗೆಳೆಯನೊಬ್ಬನ ಕಂಪ್ಯೂಟರ್‌ನಲ್ಲಿ ಬ್ಲೆಂಡರ್ 4.5 ಇದೆ, ಅದರಲ್ಲಿ ಆ ಎಫ್‌ಬಿಎಕ್ಸ್ ಸಹ ತೆರೆಯಿತು. ಸರಿಯಾಗಿಯೇ ನಿಂತಿತ್ತು. ಸ್ಕೇಲ್ 0.01 ಎಂದು ತೋರಿಸುತ್ತಿತ್ತು, ನೋಡಲು ಚೆನ್ನಾಗಿಲ್ಲ ಎಂದು ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿದೆ. ಪ್ಲೇ ಒತ್ತಿದರೆ ದೊಡ್ಡಪ್ಪ ಎರಡು ಹೆಜ್ಜೆಗೆ ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋದರು.


ಮಂಜುಮುಸುಕು, ಸೋಮವಾರ ಸಂಜೆ 5:10

ಕೇರಳಕ್ಕೆ ಹೋದದ್ದು ಯಾಕೆ ಅಂದರೆ, ಕಂಟ್ರೋಲ್ ಎ ಮೂಳೆಗಳ ಅಳತೆ ತಿದ್ದುತ್ತದೆ, ಆದರೆ ಸೊಂಟ ಎಲ್ಲೆಲ್ಲಿ ಓಡಾಡಿತು ಎಂಬ ಕೀಫ್ರೇಮ್‌ಗಳನ್ನು (ಆಯಾ ಕ್ಷಣಕ್ಕೆ ಬರೆದಿಟ್ಟ ಸಂಖ್ಯೆಗಳು) ಮುಟ್ಟುವುದಿಲ್ಲ. ಅವು ಇನ್ನೂ ಸೆಂಟಿಮೀಟರ್‌ನಲ್ಲೇ ಉಳಿಯುತ್ತವೆ. ಎರಡು ಹೆಜ್ಜೆ ಇಟ್ಟದ್ದು ನೂರು ಪಟ್ಟು ಆಯಿತು. ಎಫ್‌ಬಿಎಕ್ಸ್ ತಂದಾಗ ಆ 0.01 ಕಂಡರೆ ಕಣ್ಣು ಮುಚ್ಚಿಕೊಂಡು ಹಾಗೇ ಬಿಡಿ. ರಿಟಾರ್ಗೆಟ್ ಮಾಡಿ ನಿಮ್ಮ ಸ್ವಂತ ರಿಗ್‌ಗೆ ಬೇಕ್ ಆದ (ಚಲನೆ ಆ ರಿಗ್‌ನಲ್ಲೇ ಬರೆದು ಕೂತ) ಮೇಲೆ ಆ ಅಸ್ಥಿಪಂಜರ ಡಿಲೀಟ್ ಮಾಡಿದರಾಯಿತು, ಅಂದಚೆಂದ ಯಾರಿಗೆ ಬೇಕು.

ನಾನು ಮಡಿಕೇರಿಯಲ್ಲಿ ಕೂತು ಗೇಮ್ ಕೆಲಸ ಮಾಡುತ್ತೇನೆ, ಯೂನಿಟಿ ಜಾಸ್ತಿ, ಆಗಾಗ ಅನ್‌ರಿಯಲ್. ಈ ಸಾಫ್ಟ್‌ವೇರ್ ಮಾಡುವವರು ಒಬ್ಬರಿಗೊಬ್ಬರು ಮಾತಾಡಿಕೊಂಡೇ ಇಲ್ಲ ಅನಿಸುತ್ತದೆ. ಮಾಯಾ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ವೈ ಮೇಲೆ, ಸೆಂಟಿಮೀಟರ್. ಬ್ಲೆಂಡರ್‌ನಲ್ಲಿ ಝಡ್ ಮೇಲೆ, ಮೀಟರ್. ಅನ್‌ರಿಯಲ್‌ನಲ್ಲಿ ಝಡ್ ಮೇಲೆ, ಸೆಂಟಿಮೀಟರ್, ಅದೂ ಎಡಗೈ ಲೆಕ್ಕ (ಅಕ್ಷಗಳು ಬ್ಲೆಂಡರ್‌ನದಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ). ಯೂನಿಟಿ ವೈ ಮೇಲೆ, ಮೀಟರ್, ಅದೂ ಎಡಗೈ. ಎಫ್‌ಬಿಎಕ್ಸ್‌ನ ಒಳ್ಳೆಯ ಗುಣ ಏನೆಂದರೆ ಯಾವ ಕಡೆ ಮೇಲೆ, ಯಾವ ಅಳತೆ, ಎಷ್ಟು ಫ್ರೇಮ್ ಎಂದು ಫೈಲಿನೊಳಗೇ ಬರೆದಿರುತ್ತದೆ. ಬರೆದವರು ಸರಿಯಾಗಿ ಬರೆದಿದ್ದರೆ. ಕೆಟ್ಟ ಗುಣ ಏನೆಂದರೆ ಅದು ಆಟೋಡೆಸ್ಕ್ ಕಂಪನಿಯವರ ಸ್ವಂತ ಆಸ್ತಿ, ಒಳಗಿನ ವಿವರ ಬಿಟ್ಟುಕೊಡುವುದಿಲ್ಲ. ಬ್ಲೆಂಡರ್‌ನವರು ಫೈಲ್ ಬಿಚ್ಚಿ ನೋಡಿ ನೋಡಿ ಓದುವುದು ಕಲಿತದ್ದು. ನಿಮ್ಮ 3.6ರಂಥ ಹಳೆಯದರಲ್ಲಿ ಬೈನರಿ ಮಾತ್ರ ಓದುತ್ತದೆ, ಆಸ್ಕಿ ಇಲ್ಲ. 4.5ರಲ್ಲಿ ಓದುವ ಭಾಗವನ್ನೇ ಹೊಸದಾಗಿ ಬರೆದಿದ್ದಾರೆ, ಅದಕ್ಕೇ ಗೆಳೆಯನ ಹತ್ತಿರ ತೆರೆಯಿತು. ಆಟೋಡೆಸ್ಕ್‌ನದೇ ಎಫ್‌ಬಿಎಕ್ಸ್ ಕನ್ವರ್ಟರ್ ಎಂದು 2013ರ ಒಂದು ಪುಕ್ಕಟೆ ಟೂಲ್ ಇದೆ, ಆಸ್ಕಿಯನ್ನು ಬೈನರಿ ಮಾಡಲು ನಾನು ಈಗಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಕುಶಾಲನಗರದವರೇ, ನಿಮ್ಮ ಕನ್ವರ್ಟರ್ ಮಾತು ಇಲ್ಲೊಂದು ಕಡೆ ಸರಿ ಹೋಯಿತು ನೋಡಿ.

ಒಂದು ಎಚ್ಚರಿಕೆ. ಇದು ಸುತ್ತು ಆಟ. ದೀಪದ ಸುತ್ತ ತಿರುಗುವಾಗ ಸೊಂಟದ ಕೋನ 170, 175, 179 ಎಂದು ಏರಿ ಒಮ್ಮೆಗೇ ಮೈನಸ್ 179ಕ್ಕೆ ಹಾರುತ್ತದೆ. ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕು. ಆದರೆ ಎರಡು ಕೀಫ್ರೇಮ್‌ಗಳ ನಡುವೆ ಸಾಫ್ಟ್‌ವೇರ್ ಸೇತುವೆ ಹಾಕುವಾಗ 179ರಿಂದ ಮೈನಸ್ 179ಕ್ಕೆ ಉಲ್ಟಾ ಪೂರ್ತಿ ಸುತ್ತಿಕೊಂಡು ಬರುತ್ತದೆ. ಸುತ್ತಿಗೊಂದು ಸಲ ಗೊಂಬೆ ಬುಗುರಿಯ ಹಾಗೆ ಗಿರಕ್ಕನೆ ತಿರುಗುತ್ತದೆ. ಕಣ್ಣಿಗೆ ಏನೋ ಮಿನುಗಿದ ಹಾಗೆ ಆಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾನು ಒಮ್ಮೆ ಇದನ್ನು ಹಿಡಿಯಲು ಎರಡು ರಾತ್ರಿ ಕೂತಿದ್ದೆ, ಒಂದು ರಾತ್ರಿ ಕರೆಂಟೂ ಇರಲಿಲ್ಲ. ಕರ್ವ್‌ಗಳನ್ನು ಗ್ರಾಫ್ ಎಡಿಟರ್‌ನಲ್ಲಿ ನೋಡಿ, ಎಲ್ಲಾದರೂ ಕಂದಕದ ಹಾಗೆ ನೆಟ್ಟಗೆ ಬಿದ್ದಿದ್ದರೆ ಈ ಹಾರುವ ಕೋನಗಳನ್ನು ಸರಿಪಡಿಸುವ ಆಯ್ಲರ್ ಫಿಲ್ಟರ್ ಹಾಕಿ. ಫ್ರೇಮ್ ಕಡಿಮೆ ಮಾಡುವ ಮುಂಚೆ ಹಾಕಬೇಕು. ಆಮೇಲೆ ಹಾಕಿದರೆ ಕೆಲವು ಕಡೆ ಹಿಡಿಯುವುದಿಲ್ಲ.


ದುಡಿಪಾಟ್, ಸೋಮವಾರ ಸಂಜೆ 6:45

ನನಗೆ ನಿಮ್ಮ ಬ್ಲೆಂಡರ್ ಅಷ್ಟಾಗಿ ಬರುವುದಿಲ್ಲ, ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಆದರೆ ಚಿಕ್ಕವಳಿದ್ದಾಗಿನಿಂದ ಬೊಳಕಾಟ್, ಉಮ್ಮತ್ತಾಟ್ ನೋಡಿಕೊಂಡು ಬೆಳೆದವಳು, ಒಂದೆರಡು ಮಾತು ಹೇಳುತ್ತೇನೆ.

ಫ್ರೇಮ್ ರೇಟ್ 25 ಮಾಡಬೇಡಿ. 120ನ್ನು 24ರಿಂದ ಭಾಗಿಸಿದರೆ 5, 30ರಿಂದ ಭಾಗಿಸಿದರೆ 4. ಸರಿಯಾಗಿ ಐದನೆಯದೋ ನಾಲ್ಕನೆಯದೋ ಸಾಲು ಎತ್ತಿಕೊಂಡರಾಯಿತು. 25 ಆದರೆ 4.8, ಹೆಚ್ಚಿನ ಫ್ರೇಮ್‌ಗಳು ಎರಡು ಸಾಲಿನ ನಡುವೆ ಬೀಳುತ್ತವೆ. ಹೆಜ್ಜೆ ನೆಲಕ್ಕೆ ತಾಗುವ ಕ್ಷಣ ಮೆತ್ತಗಾಗುತ್ತದೆ. ನನ್ನ ಮಾತು ಕೇಳುವುದಾದರೆ 30 ಇಡಿ. ದುಡಿಯ ಪೆಟ್ಟಿಗೆ ಕಾಲು ಬೀಳುವುದು ಒಂದು ಫ್ರೇಮ್ ಆಚೀಚೆ ಆದರೂ ಕೂತು ನೋಡುವ ಹಿರಿಯರಿಗೆ ಗೊತ್ತಾಗುತ್ತದೆ. ಏನಾಗಿದೆ ಎಂದು ಹೇಳಲು ಬರುವುದಿಲ್ಲ, ಆದರೆ "ಏನೋ ಸರಿ ಇಲ್ಲ" ಅನ್ನುತ್ತಾರೆ.

ಆಮೇಲೆ ದಯವಿಟ್ಟು ಸ್ಮೂತ್ ಮಾಡಬೇಡಿ. ಮೋಷನ್ ಫೈಲ್ ಸಿಕ್ಕ ಕೂಡಲೇ ಎಲ್ಲರೂ ಮಾಡುವುದು ಅದೇ, ನಡುಕ ಹೋಗಲಿ ಅಂತ. ಬೊಳಕಾಟ್‌ನಲ್ಲಿ ಮೊಣಕಾಲು ಬಗ್ಗಿ ಸಣ್ಣಗೆ ಏಳುತ್ತದಲ್ಲ, ಆ ಸಣ್ಣ ಕುಣಿತವೇ ಮೊದಲು ಹೋಗುವುದು. ಉಳಿಯುವುದು ವಾಕಿಂಗ್ ಹೊರಟವರ ಹಾಗೆ ಕಾಣುತ್ತದೆ. ನಡುಕ ಇದ್ದರೆ ಆ ಒಂದು ಮೂಳೆಗೆ ಮಾತ್ರ ಮಾಡಿ.

ಚವರಿಗೆ ಸೆನ್ಸರ್ ಇರಲಿಲ್ಲ ಅಲ್ವಾ? ಹಾಗಾದರೆ ಅದು ಕೈಗೆ ಕಟ್ಟಿದ ಪೊರಕೆಯ ಹಾಗೆ ಬಿಗಿಯಾಗಿ ಕಾಣುತ್ತದೆ. ಹಿಡಿ ಮಾತ್ರ ಕೈಯ ಮೂಳೆಗೆ ಕಟ್ಟಿ, ಕೂದಲು ಸ್ವಲ್ಪ ತಡವಾಗಿ ಹಿಂದೆ ಬರುವ ಹಾಗೆ ಮಾಡಿ.


ತೋಟದಮನೆ, ಸೋಮವಾರ ರಾತ್ರಿ 8:50

ದುಡಿಪಾಟ್ ಅಕ್ಕ ಹೇಳಿದ ಸ್ಮೂತ್ ಮಾತು ನಾನು ಎಂಟು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ. ಕೇಳಿದವರು ಕಡಿಮೆ.

ಈಗ ಕಾಲು. ಕೋನಗಳು ಯಾರ ಕಾಲಿಗೂ ಒಂದೇ. ಆದರೆ ಸೊಂಟ ಎಷ್ಟು ದೂರ ಹೋಯಿತು ಎಂಬುದು ದೊಡ್ಡಪ್ಪನ ಕಾಲಿನ ಉದ್ದದ್ದು. 87 ಸೆಂಟಿಮೀಟರ್ ಕಾಲು ಇರುವವರು ಒಂದು ಹೆಜ್ಜೆಗೆ ಹೋಗುವ ದೂರವನ್ನು 58ರ ಕಾಲಿನ ಗೊಂಬೆಗೆ ಕೊಟ್ಟರೆ, ಕಾಲು ಅಷ್ಟು ಎಟಕದೆ ಜಾರುತ್ತದೆ. ತೇಲುವುದೂ ಅದರಿಂದಲೇ. 58ನ್ನು 87ರಿಂದ ಭಾಗಿಸಿದರೆ 0.667. ಸೊಂಟದ ಲೊಕೇಶನ್ ಕರ್ವ್ ಮೂರನ್ನೂ 0.667ರಿಂದ ಗುಣಿಸಬೇಕು. ಆಡ್‌ಆನ್‌ನಲ್ಲಿ ಆಟೋ ಸ್ಕೇಲ್ ಇದೆ, ಆದರೆ ದೊಡ್ಡ ತಲೆಯ ಗೊಂಬೆಗೆ ನಾನು ಅದನ್ನು ನಂಬುವುದಿಲ್ಲ. ಆಫ್ ಮಾಡಿ ಕಾಲಿನ ಲೆಕ್ಕದಲ್ಲೇ ಹೋಗು. ಎತ್ತರಕ್ಕೆ ಮಾತ್ರ ಗುಣಿಸಿ ಸುಮ್ಮನಾದರೆ ತೇಲುವುದು ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ.

ಹೀಗೆ ಮಾಡಿದರೆ ದೀಪದ ಸುತ್ತಿನ ವೃತ್ತವೂ ಮೂರರಲ್ಲಿ ಎರಡು ಪಾಲು ಆಗುತ್ತದೆ. ದೊಡ್ಡಪ್ಪ ದೀಪದಿಂದ 180 ಸೆಂಟಿಮೀಟರ್ ದೂರದಲ್ಲಿ ಸುತ್ತಿದ್ದರೆ ಗೊಂಬೆ 120ರಲ್ಲಿ ಸುತ್ತುತ್ತದೆ. ದೀಪ ಅಷ್ಟೇ ದೊಡ್ಡದಿದ್ದರೆ ಕುಪ್ಯಕ್ಕೆ ಬೆಂಕಿ ಹತ್ತುವ ಹಾಗೆ ಕಾಣುತ್ತದೆ. ಅದಕ್ಕೆ ನಾನಾದರೆ ಉಲ್ಟಾ ಮಾಡುತ್ತೇನೆ. ಗೊಂಬೆಯನ್ನೇ ಒಂದೂವರೆ ಪಟ್ಟು ದೊಡ್ಡದು ಮಾಡು, ಕಾಲು 87 ಆಗುವ ಹಾಗೆ. ಆಕ್ಷನ್ ಏನೂ ಇಲ್ಲದ ಖಾಲಿ ರಿಗ್‌ನಲ್ಲಿ ಸ್ಕೇಲ್ ಅಪ್ಲೈ ಮಾಡಿ ಆಮೇಲೆ ರಿಟಾರ್ಗೆಟ್ ಮಾಡು. ಒಂದು ಅಂಕಿಯನ್ನೂ ಗುಣಿಸಬೇಕಿಲ್ಲ. ತಲೆ ದೈತ್ಯನಷ್ಟು ಆಗುತ್ತದೆ, ಆಗಲಿ. ಪಂಚೆಯ ಮೇಲೆ ಬಿದ್ದಾಗ ಯಾರು ಟೇಪು ಹಿಡಿದು ಅಳೆಯುತ್ತಾರೆ?

ಇನ್ನೊಂದು ಇದೆ, ನೀನು ಇನ್ನೂ ಅಲ್ಲಿಗೆ ಬಂದಿಲ್ಲ, ಬರುತ್ತೀಯ. ಒಬ್ಬರನ್ನೇ ರೆಕಾರ್ಡ್ ಮಾಡಿ ಐದು ಕಾಪಿ ಮಾಡುವ ಆಲೋಚನೆ ತಾನೆ? ದೀಪದ ಜಾಗದಲ್ಲಿ ಒಂದು ಎಂಪ್ಟಿ (ಚಿತ್ರದಲ್ಲಿ ಕಾಣದ ಖಾಲಿ ಗುರುತು) ಇಟ್ಟು 72 ಡಿಗ್ರಿಗೊಬ್ಬರಂತೆ ತಿರುಗಿಸಿ ನಿಲ್ಲಿಸಬಹುದು. ಆದರೆ ಸೆನ್ಸರ್ ಸೂಟ್‌ಗೆ ನೆಲದ ಮೇಲೆ ತಾನೆಲ್ಲಿದ್ದೇನೆ ಎಂದು ನೇರವಾಗಿ ಗೊತ್ತಿರುವುದಿಲ್ಲ. ಹೆಜ್ಜೆಗಳನ್ನು ಕೂಡಿಸಿಕೊಂಡು ಹೋಗುತ್ತದೆ, ತಪ್ಪೂ ಕೂಡುತ್ತಾ ಹೋಗುತ್ತದೆ. ಮೊದಲನೇ ಸುತ್ತಿನ ವೃತ್ತ ಒಂದು ಕಡೆ ಇದ್ದರೆ ಕೊನೆಯ ಸುತ್ತು ಇನ್ನೊಂದು ಕಡೆ ಇರುತ್ತದೆ. ಒಬ್ಬರಿದ್ದಾಗ ಕಾಣುವುದಿಲ್ಲ. ಐದು ಜನ ಆದಾಗ ಐವರೂ ಐದು ದಿಕ್ಕಿಗೆ ಸರಿದು ಯಾರೋ ದೀಪದ ಮೇಲೇ ಹೋಗುತ್ತಾರೆ. ಸೊಂಟದ ಮೂಳೆಗೆ ಮೋಷನ್ ಪಾತ್ (ಅದು ಓಡಾಡಿದ ಗೆರೆ) ಹಾಕಿ ಮೇಲಿನಿಂದ ನೋಡು, ಸುತ್ತುಗಳು ಒಂದರ ಮೇಲೊಂದು ಬಿದ್ದಿವೆಯಾ, ಸ್ಪ್ರಿಂಗಿನ ಹಾಗೆ ಎಳೆದುಕೊಂಡು ಹೋಗಿವೆಯಾ. ದೊಡ್ಡಪ್ಪ ಶುರು ಮಾಡಿದ ಜಾಗಕ್ಕೇ ಬಂದು ನಿಂತಿದ್ದರಾ?


ವಿರಾಜಪೇಟೆ_ಪಿಕ್ಸೆಲ್, ಸೋಮವಾರ ರಾತ್ರಿ 9:30

ಹೌದು ಅಣ್ಣಾ, ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದ್ದರು. ಅಲ್ಲೇ ಶುರು, ಅಲ್ಲೇ ಮುಗಿಸಿದ್ದು. ಈಗ ನೋಡಿದರೆ ಫೈಲಿನಲ್ಲಿ ಕೊನೆಗೆ 40 ಸೆಂಟಿಮೀಟರ್ ಆಚೆ ನಿಂತಿದ್ದಾರೆ. ಮೋಷನ್ ಪಾತ್ ನೀವು ಹೇಳಿದ ಹಾಗೆ ಸ್ಪ್ರಿಂಗೇ. ಇದನ್ನು ಹೇಗೆ ಸರಿ ಮಾಡುವುದು?


ತೋಟದಮನೆ, ಸೋಮವಾರ ರಾತ್ರಿ 9:55

ಟೇಪ್ ಅಂಟಿಸಿದವರು ಯಾರೋ ಕೆಲಸ ಗೊತ್ತಿರುವವರು, ಫೋನ್ ಎತ್ತದಿದ್ದರೂ ಪರವಾಗಿಲ್ಲ. ಗೊಂಬೆಯ ರಿಗ್‌ಗೆ ಇನ್ನೊಂದು ಎಂಪ್ಟಿ ಪೇರೆಂಟ್ ಮಾಡು, ಅದು ಸರಿದರೆ ರಿಗ್ ಕೂಡ ಸರಿಯುವ ಹಾಗೆ. ಮೊದಲನೇ ಫ್ರೇಮಿನಲ್ಲಿ ಅದರ ಜಾಗ ಸೊನ್ನೆ, ಕೊನೆಯ ಫ್ರೇಮಿನಲ್ಲಿ ಎದುರು ದಿಕ್ಕಿಗೆ 40 ಸೆಂಟಿಮೀಟರ್. ನಡುವೆ ಲೀನಿಯರ್. ಎರಡು ನಿಮಿಷದಲ್ಲಿ 40 ಎಂದರೆ ಸೆಕೆಂಡಿಗೆ ಮೂರೂವರೆ ಮಿಲಿಮೀಟರ್ ಕೂಡ ಆಗಲಿಲ್ಲ. ಅಷ್ಟು ಜಾರಿದರೆ ಯಾವ ಹಿರಿಯರ ಕಣ್ಣಿಗೂ ಕಾಣುವುದಿಲ್ಲ. ಆ ಎಂಪ್ಟಿಯನ್ನು ದೀಪದ ಎಂಪ್ಟಿಗೆ ಪೇರೆಂಟ್ ಮಾಡಿ ಆಮೇಲೆ ಕಾಪಿಗಳನ್ನು 72, 144, 216, 288 ಡಿಗ್ರಿ ತಿರುಗಿಸು. ದೀಪದ ಎಂಪ್ಟಿ ಇಡುವುದು ಮೋಷನ್ ಪಾತ್‌ನ ವೃತ್ತದ ನಡುವೆ, ಸೀನಿನ ಸೊನ್ನೆಯಲ್ಲಿ ಅಲ್ಲ. ಈ ತರಹದ ಫೈಲಿನಲ್ಲಿ ಸೊನ್ನೆ ಎಂದರೆ ದೊಡ್ಡಪ್ಪ ನಿಂತು ಶುರು ಮಾಡಿದ ಜಾಗ, ನೀನು ಹೇಳಿದ 0.00 0.00 ಅದೇ.

ಐವರಿಗೂ ಒಂದೇ ಆಕ್ಷನ್ ಹಾಕಿದರೆ ಕವಾಯತಿನ ಹಾಗೆ ಕಾಣುತ್ತದೆ. ಆಕ್ಷನ್ ಅನ್ನು ಎನ್‌ಎಲ್‌ಎ ಸ್ಟ್ರಿಪ್ (ಟೈಮ್‌ಲೈನ್‌ನಲ್ಲಿ ಸರಿಸಬಹುದಾದ ಪಟ್ಟಿ) ಮಾಡಿ ಒಬ್ಬಿಬ್ಬರನ್ನು ಒಂದು ಫ್ರೇಮ್ ಆಚೀಚೆ ಸರಿಸು. ಅಕ್ಕ ಬೈಯಬಹುದು, ಒಂದಕ್ಕಿಂತ ಜಾಸ್ತಿ ಸರಿಸಬೇಡ.


ದುಡಿಪಾಟ್, ಸೋಮವಾರ ರಾತ್ರಿ 10:10

ಬೈಯುವುದಿಲ್ಲ. ಆದರೆ ಹಾಡಿನ ಕಡೆ ಮುಖ ಮಾಡಿ ಮೊದಲು ಕಾಣುವವನನ್ನು ಮಾತ್ರ ಸರಿಸಬೇಡಿ, ಎಲ್ಲರ ಕಣ್ಣು ಅವನ ಕಾಲಿನ ಮೇಲೇ ಇರುತ್ತದೆ.


ವಿರಾಜಪೇಟೆ_ಪಿಕ್ಸೆಲ್, ಶನಿವಾರ ರಾತ್ರಿ 11:20

ಅಪ್‌ಡೇಟ್. ಐದು ದಿನ ತಡ ಆಯಿತು, ಎರಡು ದಿನ ಕರೆಂಟ್ ಇಲ್ಲ. ಒಮ್ಮೆ ಬೇಕ್ ಮಾಡುತ್ತಾ ಕೊನೆಯ ಗೊಂಬೆಗೆ ಬಂದಾಗ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಎರಡು ವರ್ಷದ ಹಿಂದೆಯೇ ಸತ್ತಿದೆ. ಈಗ ಪ್ರತಿ ಗೊಂಬೆ ಆದ ಮೇಲೆ ಸೇವ್ ಮಾಡುತ್ತೇನೆ.

ಗೊಂಬೆಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿದೆ. ಕಾಲು ಕಚ್ಚಿ ನಿಂತಿತು. ಎಡಗಾಲು ಒಂದು ಕಡೆ ಇನ್ನೂ ಸ್ವಲ್ಪ ಜಾರುತ್ತದೆ, ಅಲ್ಲಿ ಮಾತ್ರ ಐಕೆ (ಪಾದವನ್ನು ಒಂದು ಜಾಗಕ್ಕೆ ಕಟ್ಟಿ ಕಾಲು ಬಗ್ಗಿಸುವ ವಿಧಾನ) ಹಾಕಿ ಹಿಡಿದುಕೊಂಡೆ. 30 ಫ್ರೇಮ್ ಇಟ್ಟೆ, ಸ್ಮೂತ್ ಮಾಡಲಿಲ್ಲ. ಬುಗುರಿ ಗಿರಕಿ ನನಗೂ ಬಂತು ಮಂಜುಮುಸುಕು ಅವರೇ! ಗೆಳೆಯನ ಕಂಪ್ಯೂಟರ್‌ನಲ್ಲಿ ಎಫ್‌ಬಿಎಕ್ಸ್ ಪ್ರಯೋಗ ಮಾಡುವಾಗ. ನೀವು ಹೇಳಿರದಿದ್ದರೆ ನಾನು ಗ್ರಾಫಿಕ್ಸ್ ಕಾರ್ಡ್ ಹೋಯಿತು ಅಂದುಕೊಳ್ಳುತ್ತಿದ್ದೆ. ಕೊನೆಗೆ ಬಿವಿಎಚ್‌ನಿಂದಲೇ ಮಾಡಿದೆ.

ಕುಪ್ಯದ ತೋಳಿನೊಳಗಿಂದ ಕೈ ಹೊರಗೆ ಬರುವುದು ಬಾಕಿ ಇದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.

ಇವತ್ತು ಸಾಯಂಕಾಲ ದೊಡ್ಡಪ್ಪನನ್ನು ಕೂರಿಸಿ ತೋರಿಸಿದೆ. ಐದು ಗೊಂಬೆ, ನಡುವೆ ದೀಪ, ಹಿಂದೆ ದುಡಿ. ಎರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಮೂರನೆಯ ಗೊಂಬೆಯ ಕಡೆ ಬೆರಳು ತೋರಿಸಿ, "ಉಳಿದವರು ಪರವಾಗಿಲ್ಲ, ಈ ಹುಡುಗ ಕಾಲು ತಡ ಇಡುತ್ತಾನೆ, ಯಾರ ಮನೆಯವನು" ಅಂದರು. ನಾನು ಒಂದು ಫ್ರೇಮ್ ಸರಿಸಿದ್ದು ಅವನನ್ನೇ.